ಕೂಗಬಾರದ ಹೆಸರು

ಸಮರ್‌ಕಂದದಲ್ಲಿ ಟೈಫಸ್ ಜ್ವರ ಹಬ್ಬಿದ ವರ್ಷ ನನ್ನ ಮಗಳ ಹೆಸರು ಬದಲಾಯಿತು. ಯುದ್ಧಕ್ಕೆ ಹೆದರಿ ಪೋಲೆಂಡಿನಿಂದ ಓಡಿಬಂದಿದ್ದೆವು. ಗಂಡ ದಾರಿಯಲ್ಲೇ ತೀರಿಕೊಂಡಿದ್ದ. ಉಳಿದವಳು ಇವಳೊಬ್ಬಳು. ನಾಲ್ಕು ವರ್ಷದ ಫ್ರೈದಾ ಮೂರು ದಿನ ಕಣ್ಣು ತೆರೆಯಲಿಲ್ಲ. ಪಕ್ಕದ ಕೋಣೆಯ ಬ್ರೈನಜ್ಜಿ ಹತ್ತು ಜನ ಗಂಡಸರನ್ನು ಕರೆತಂದು ಪ್ರಾರ್ಥನೆ ಮಾಡಿಸಿದಳು. ನಮ್ಮ ಯಹೂದಿಗಳ ಪದ್ಧತಿ ಅದು: ಸಾವಿನ ದೂತ ಹೆಸರು ಹಿಡಿದು ಹುಡುಕಿಕೊಂಡು ಬಂದರೆ ಆ ಹೆಸರಿನವಳು ಮನೆಯಲ್ಲಿರಬಾರದು.

"ಇವತ್ತಿಂದ ಇವಳು ಆಲ್ತೆ. ಅಂದ್ರೆ ಮುದುಕಿ. ಮುದುಕಿ ಆಗೋವರೆಗೂ ಬಾಳ್ತಾಳೆ. ಹಳೇ ಹೆಸರು ನಿನ್ನ ಬಾಯಲ್ಲಿ ಬರಕೂಡದು ಪೆಸ್ಯಾ. ಯಾರಾದ್ರೂ ಕೂಗಿದ್ರೂ ಓಗೊಡಬೇಡ," ಎಂದಳು ಅಜ್ಜಿ.

ಮಾರನೇ ದಿನ ಜ್ವರ ಇಳಿಯಿತು. ನಾಲ್ಕು ವರ್ಷ ನಾನು ಆ ಹೆಸರು ಎತ್ತಲಿಲ್ಲ.

ಯುದ್ಧ ಮುಗಿದ ಮೇಲೆ, ಪೋಲೆಂಡಿನವರು ಊರಿಗೆ ಮರಳಬಹುದು ಎಂದರು. ಹೆಸರು ಬರೆಸಲು ಹೋದಾಗ ನಾನು ಬಾಯಿ ಬಿಡದೆ ಅವಳ ಜನನಪತ್ರ ಕೊಟ್ಟುಬಂದೆ. ಕಾಗದಕ್ಕೆ ದನಿಯಿಲ್ಲವಲ್ಲ ಎಂದುಕೊಂಡಿದ್ದೆ. ರೈಲಿನ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆಂದು ಹೊಳೆದಿರಲಿಲ್ಲ.

"ಫ್ರೈದಾ ಗಾರ್ಬರ್!" ನಮ್ಮ ಭಾಷೆ ಬಲ್ಲ ಗುಮಾಸ್ತ ಕೂಗಿದ.

ನಾನು ಮಗಳ ಕಿವಿಯನ್ನು ಎರಡೂ ಕೈಯಲ್ಲಿ ಮುಚ್ಚಿದೆ.

"ಫ್ರೈದಾ ಇದಾಳೋ ಸತ್ತಳೋ? ಬೇಗ ಹೇಳಮ್ಮಾ, ಹಿಂದೆ ಎಷ್ಟು ಜನ ಕಾಯ್ತಿದ್ದಾರೆ ನೋಡು."

"ಇವಳು ಆಲ್ತೆ, ಸ್ವಾಮಿ."

"ಪಟ್ಟಿಯಲ್ಲಿ ಯಾವ ಮುದುಕೀನೂ ಇಲ್ಲ. ನೀನೊಬ್ಬಳೇ ಹತ್ತು."

ನಮ್ಮ ಹಿಂದೆಯೇ ಗಂಟು ಹೊತ್ತು ನಿಂತಿದ್ದ ಬ್ರೈನಜ್ಜಿಯ ಕಡೆ ತಿರುಗಿದೆ. ಅವಳು ತಲೆ ತಗ್ಗಿಸಿದಳು. ಇಂಜಿನ್ ಉಗಿ ಬಿಟ್ಟಿತು. ಮಗಳು ನನ್ನ ಕೈ ಕಿತ್ತುಹಾಕಿದಳು.

"ನಾನೇ ಫ್ರೈದಾ!" ಎಂದು ಕಿರುಚಿ, ಮೆಟ್ಟಿಲು ಹತ್ತಿಬಿಟ್ಟಳು. ಬಾಗಿಲಲ್ಲಿ ನಿಂತು, "ಅಮ್ಮಾ, ಹತ್ತೇ! ಆಮೇಲೆ ಮತ್ತೆ ಮುದುಕಿ ಆಗ್ತೀನಿ," ಎಂದಳು.

ದಾರಿಯುದ್ದಕ್ಕೂ ನನಗೆ ಒಂದೇ ಕೆಲಸ, ಅವಳ ಹಣೆ ಮುಟ್ಟಿ ನೋಡುವುದು.

"ಸಾಕು ಬಿಡೇ," ಎಂದು ಅಜ್ಜಿ ಗದರಿದಳು. "ಹೀಗೇ ಉಜ್ಜಿದ್ರೆ ಹಣೆ ಬಿಸಿಯಾಗದೆ ಇನ್ನೇನಾಗತ್ತೆ?"

ಪೋಲೆಂಡಿನಲ್ಲಿ ನಮ್ಮ ಮನೆಯ ಕಿಟಕಿಗೆ ಬೇರೆಯವರ ಪರದೆ ಇತ್ತು. ಒಳಗಿದ್ದ ಹೆಂಗಸು ಬಾಗಿಲು ತೆರೆಯಲಿಲ್ಲ. ಅಜ್ಜಿ ಅಲ್ಲೇ ತಮ್ಮನ ಮನೆ ಸೇರಿದಳು. ನಾವು ಮುಂದಿನ ವರ್ಷ ಹಡಗು ಹತ್ತಿ ಮೊಂಟೆವಿಡಿಯೊಗೆ ಬಂದೆವು. ಬಂದರಿನಲ್ಲಿ ಹೆಸರು ಕೇಳಿದವನಿಗೆ ನಾನು ಬಾಯಿ ತೆರೆಯುವ ಮೊದಲೇ ಮಗಳು, "ಫ್ರೈದಾ ಆಲ್ತೆ," ಎಂದು ಎರಡನ್ನೂ ಬರೆಸಿದಳು.

ಈಗ ಅವಳಿಗೆ ಹನ್ನೊಂದು. ಶಾಲೆಯಿಂದ ಬರುವಾಗ ಗೆಳತಿಯರು ಬೀದಿಯಲ್ಲಿ, "ಫ್ರೈದಾ! ಫ್ರೈದಾ!" ಎಂದು ಕೂಗುತ್ತಾರೆ. ಪಾತ್ರೆ ತೊಳೆಯುತ್ತಿರುವ ನನ್ನ ಕೈ ನೀರಿನಲ್ಲೇ ನಿಲ್ಲುತ್ತದೆ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸದ್ದು ಕೇಳುವವರೆಗೂ ಮುಂದಿನ ತಟ್ಟೆ ಮುಟ್ಟುವುದಿಲ್ಲ.

"ಬಂದೆಯಾ ಮುದುಕಿ?" ಎನ್ನುತ್ತೇನೆ.

"ಬಂದೆ ಕಣಮ್ಮಾ," ಎಂದು ಅವಳೇ ಹಣೆ ಮುಂದೊಡ್ಡುತ್ತಾಳೆ. ನಾನು ಒದ್ದೆ ಕೈ ಒರೆಸಿಕೊಂಡು ಮುಟ್ಟುತ್ತೇನೆ.