ಬೆಡ್‌ಶೀಟಿನ ಆಚೆ ತುದಿ

ಸಿನಿಮಾದಲ್ಲಾಗಲಿ ನಾಟಕದಲ್ಲಾಗಲಿ ನನ್ನ ತಂಗಿ ಒಂದು ಹೊತ್ತು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಲೇ ಇಲ್ಲ. ಇಟ್ಟಿಗೆ ಹೊತ್ತಿದ್ದಾಳೆ, ಗಿರಣಿ ಬಾಗಿಲಲ್ಲಿ ಮುಷ್ಕರ ಕೂತಿದ್ದಾಳೆ, ಕಾಣೆಯಾದ ಮಗನ ಫೋಟೋ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದಿದ್ದಾಳೆ. ಒಂದೇ ಒಂದು ಸಲ ಒಳ್ಳೇ ಬಟ್ಟೆ ಹಾಕಿದ್ದಳು. ಅದೂ ಕಥೆಯಲ್ಲಿ ಮನೆಯೊಡತಿಯದು, ಮುಂದಿನ ದೃಶ್ಯದಲ್ಲೇ ಬಿಚ್ಚಿ ಕೊಡಬೇಕಾಯಿತು. ಸಿನಿಮಾ ಬಂದಾಗಲೆಲ್ಲ ನಮ್ಮ ಬೀದಿಯ ಹೆಂಗಸರು ನನ್ನನ್ನು ತರಾಟೆಗೆ ತೆಗೆದುಕೊಳ್ಳೋರು.

"ಏನ್ರೀ, ತಂಗಿಗೆ ಒಂದು ತುತ್ತು ಹಾಕಬಾರದಾ? ಮೂಳೆ ಮೂಳೆ ಕಾಣ್ತಾಳೆ."

"ಅವಳು ಇಲ್ಲಿಗೆ ಬಂದರೆ ಪಾತ್ರೆ ತಳ ಕೆರೀತಾಳೆ. ಕ್ಯಾಮರಾ ಮುಂದೆ ಮಾತ್ರ ಉಪವಾಸ," ಅನ್ನುತ್ತಿದ್ದೆ ನಾನು.

ಮನೆಯಲ್ಲಿ ಅವಳ ಹೆಸರು ಗುಬ್ಬಿ. ಹುಟ್ಟಿದಾಗ ಅಂಗೈಯಷ್ಟಿದ್ದಳು. ದನಿ ಮಾತ್ರ ಆಗಲೇ ಬೀದಿಯ ಆ ಕೊನೆಗೆ ಕೇಳುತ್ತಿತ್ತು. ಮುಂದೆ ಆ ದನಿಯೇ ಅವಳಿಗೆ ಅನ್ನವಾಯಿತು. ಬೀದಿ ನಾಟಕ, ಆಮೇಲೆ ದೊಡ್ಡ ರಂಗಮಂದಿರ, ಆಮೇಲೆ ಸಿನಿಮಾ. ದೊಡ್ಡ ಪ್ರಶಸ್ತಿಯೂ ಬಂತು, ಹಿತ್ತಾಳೆಯದು, ಒಳ್ಳೇ ಭಾರ. "ನಿನ್ನ ಹತ್ರಾನೇ ಇರಲಿ ಅಕ್ಕ" ಅಂದಳು. ಗಾಳಿಗೆ ಬಾಗಿಲು ಬಡಿಯದ ಹಾಗೆ ನಾನು ಅದನ್ನು ಒತ್ತು ಕೊಟ್ಟಿದ್ದೇನೆ. ನೋಡಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳ ತಂಡದಲ್ಲಿ ಒಂದು ಪದ್ಧತಿ ಇದೆ. ಯಾರ ಬದುಕಿನ ಮೇಲೆ ನಾಟಕ ಕಟ್ಟುತ್ತಾರೋ ಅವರ ಎದುರಿಗೇ ಮೊದಲ ಆಟ. ಅವರ ಜಾಗದಲ್ಲೇ. ದೀಪ ಇಲ್ಲ, ಬಣ್ಣ ಇಲ್ಲ, ಟಿಕೇಟಿಲ್ಲ. ಅದಕ್ಕೆ ಒಪ್ಪಿಗೆ ಆಟ ಅನ್ನುತ್ತಾರೆ. ಕೂಲಿಯವರು ನಟರ ಮುಖ ನೋಡಿಕೊಂಡು 'ಇದು ಸರಿಯಿಲ್ಲ' ಅನ್ನುವುದಿಲ್ಲ. ಸಂಕೋಚ. ಚೆನ್ನಾಗಿದೆ ಅಂದು ಕಳಿಸಿಬಿಡುತ್ತಾರೆ. ಅದಕ್ಕೇ ತಂಡ ಕಟ್ಟಿದ ಮೇಷ್ಟ್ರು ಒಂದು ನಿಯಮ ಮಾಡಿದ್ದರು. ಆಟದ ನಡುವೆ ಯಾರಾದರೂ ಎದ್ದು ನಿಂತರೆ ಸಾಕು. ಮಾತು ಬೇಡ, ಕಾರಣ ಬೇಡ. ಆಟ ಅಲ್ಲಿಗೇ ನಿಲ್ಲಬೇಕು, ಆ ನಾಟಕ ಇನ್ನೆಲ್ಲೂ ಆಡಬಾರದು.

ಒಮ್ಮೆ ಇಟ್ಟಿಗೆ ಗೂಡಿನವರ ಮುಂದೆ ಆಡುವಾಗ ಒಬ್ಬ ಮುದುಕಿ ಎದ್ದಳಂತೆ. ಅಷ್ಟೂ ದಿನ ಕಲಿತ ನಾಟಕ ಮಣ್ಣುಪಾಲು. ಆಕೆ ಒಲೆಯ ಮೇಲೆ ಏನೋ ಇಟ್ಟು ಬಂದಿದ್ದಳು, ಅದು ನೆನಪಾಗಿ ಎದ್ದಳು ಅಂತ ಆಮೇಲೆ ಯಾರೋ ಹೇಳಿದರು. ಮೇಷ್ಟ್ರು ಕೇಳಲಿಲ್ಲ. "ನಾಟಕ ಸರಿಯಾಗಿದ್ದಿದ್ದರೆ ಒಲೆ ನೆನಪಾಗ್ತಿರಲಿಲ್ಲ" ಅಂದುಬಿಟ್ಟರು. ಅಂಥ ಹಟಮಾರಿ ಮನುಷ್ಯ.

ಈಚೆಗೆ ಗುಬ್ಬಿಗೆ ಕೆಲಸ ಕಮ್ಮಿಯಾಗಿತ್ತು. ಸಿನಿಮಾದವರು ಕರೆಯುವುದು ಬಿಟ್ಟರು. ಕರೆದರೂ ಮಂಚದ ಮೇಲೆ ಮಲಗಿ ಕೆಮ್ಮುವ ಅಜ್ಜಿ. ತಂಡದಲ್ಲೂ ವಯಸ್ಸಾದವರು ಒಬ್ಬೊಬ್ಬರಾಗಿ ಸರಿದುಹೋಗಿದ್ದರು. ಒಂದು ಭಾನುವಾರ ಬಂದವಳು ನನ್ನ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಬೆರಳು ನೆಟಿಗೆ ತೆಗೆಯುತ್ತಾ ಹೇಳಿದಳು.

"ಅಕ್ಕ, ಒಂದು ನಾಟಕ ಬರೆದಿದೀನಿ. ನಾನೊಬ್ಬಳೇ ಆಡೋದು. ನಿನ್ನದು."

"ನನ್ನದೇನಿದೆ ನಾಟಕ ಆಡೋಕೆ? ಒಗೆದೆ, ಹಿಂಡಿದೆ, ಹರವಿದೆ."

"ಅದೇ."

"ಜನ ದುಡ್ಡು ವಾಪಸ್ ಕೇಳ್ತಾರೆ ಕಣೇ."

ಅವಳು ನಗಲಿಲ್ಲ. "ಇದೊಂದು ಆಡಿಬಿಟ್ಟರೆ ಆಮೇಲೆ ಮನೇಲಿ ಕೂತರೂ ನನಗೆ ಬೇಜಾರಿಲ್ಲ. ಒಪ್ಪಿಗೆ ಆಟ ನಿನ್ನೊಬ್ಬಳ ಮುಂದೆ. ನಿಯಮ ಗೊತ್ತಲ್ಲ. ತಂಗಿ ಅಂತ ನೋಡಬೇಡ. ಎದ್ದೇಳಬೇಕು ಅನಿಸಿದರೆ ಎದ್ದುಬಿಡು."

ಅವಳ ಕಣ್ಣು ನೋಡಿದರೆ, ಚಿಕ್ಕಂದಿನಲ್ಲಿ ಏನಾದರೂ ಒಡೆದುಹಾಕಿ ಬಂದು ನಿಲ್ಲುತ್ತಿದ್ದಳಲ್ಲ, ಹಾಗೇ ಇತ್ತು.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ನಾನು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿದ್ದೆ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಜಾಗಕ್ಕೇ ನನ್ನನ್ನು ತೆಗೆದುಕೊಂಡರು. ಶಾಲೆ ಅಲ್ಲಿಗೇ ಮುಗಿಯಿತು. ಗುಬ್ಬಿ ಓದಿದಳು. ಲಾಂಡ್ರಿ ಅಂದರೆ ನೆಲಮಾಳಿಗೆಯ ಉದ್ದನೆ ಕೋಣೆ, ಸದಾ ಹಬೆ, ಕಾಲಡಿಗೆ ನೀರು. ಹಿಂಡುವ ಯಂತ್ರ ಕೆಟ್ಟು ನಿಂತ ದಿನಗಳೇ ಹೆಚ್ಚು. ಆಗ ಬೆಡ್‌ಶೀಟುಗಳನ್ನು ಕೈಯಲ್ಲೇ ಹಿಂಡಬೇಕು. ಗುಬ್ಬಿ ಅಲ್ಲಿಗೆ ಬಂದದ್ದು ಒಂದೇ ಸಲ, ಮೇಷ್ಟ್ರ ವ್ಯಾನು ಹತ್ತಿ ನಾಟಕಕ್ಕೆ ಅಂತ ಹೊರಟ ದಿನ. ಬಾಗಿಲವರೆಗೆ ಬಂದಳು, ಒಳಗೆ ಬರಲಿಲ್ಲ, ಕರೆಯಲೂ ಇಲ್ಲ. ಆ ದಿನದ ಮಾತು ನಮ್ಮಿಬ್ಬರ ನಡುವೆ ಯಾವತ್ತೂ ಬರಲಿಲ್ಲ. ಅವಳು ಎತ್ತಲಿಲ್ಲ, ನಾನು ಕೆದಕಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು, ಗುಬ್ಬಿ ಮತ್ತು ಮೇಷ್ಟ್ರು. ಮೇಷ್ಟ್ರಿಗೆ ಈಗ ಕೋಲಿಲ್ಲದೆ ಆಗುವುದಿಲ್ಲ. ಗುಬ್ಬಿ ಟೇಬಲ್ಲು ಗೋಡೆಗೆ ಸರಿಸಿ ಚಪ್ಪಲಿ ಬಿಟ್ಟು ನಿಂತಳು. ನನ್ನನ್ನು ಕಿಟಕಿ ಹತ್ತಿರದ ಕುರ್ಚಿಯಲ್ಲಿ ಕೂರಿಸಿದರು. ನಾನು ಮೊದಲೇ ಒಲೆ ಆರಿಸಿ, ಆರಿದೆಯಾ ಅಂತ ಮತ್ತೆ ಮುಟ್ಟಿ ನೋಡಿ ಬಂದಿದ್ದೆ.

"ಯಾಕಕ್ಕಾ ಅಷ್ಟು ಭದ್ರ?" ಅಂದರು ಮೇಷ್ಟ್ರು.

"ನಿಮ್ಮ ಇಟ್ಟಿಗೆ ಗೂಡಿನ ಮುದುಕಿ ಕಥೆ ಕೇಳಿದೀನಿ ಮೇಷ್ಟ್ರೇ. ಮಂಡಿ ಬೇರೆ ನೋವು, ಇನ್ನು ಎದ್ದೇಳೋ ಮಾತೇ ಇಲ್ಲ."

ಆಟ ಶುರುವಾಯಿತು. ಏನು ಹೇಳಲಿ! ನನ್ನದೇ ನಡಿಗೆ. ಎಡಗಾಲು ಸ್ವಲ್ಪ ಎಳೆದು ಇಡುವುದು, ಬೇಸಿನ್ನು ಎತ್ತುವ ಮುಂಚೆ ಒಂದು ಸಲ ಉಸಿರು ಬಿಡುವುದು, ಬೆವರನ್ನು ಭುಜಕ್ಕೆ ಒರೆಸಿಕೊಳ್ಳುವುದು. ಇದನ್ನೆಲ್ಲ ಯಾವಾಗ ನೋಡಿಟ್ಟುಕೊಂಡಳೋ. ಒಂದು ಕಡೆ ಅಮ್ಮನ ದನಿಯನ್ನೂ ತೆಗೆದಳು. ನಡುವೆ ನಗಿಸಿದಳು ಕೂಡ. ಮೇಲ್ವಿಚಾರಕ ಹಬೆಯಲ್ಲಿ ಕನ್ನಡಕ ಮಂಜಾಗಿ ನಮಗೆ ಬೈಯುವುದನ್ನು ಕಂಬಕ್ಕೆ ಬೈಯುತ್ತಿದ್ದನಲ್ಲ, ಅದನ್ನೂ ಬಿಟ್ಟಿರಲಿಲ್ಲ. ಅದು ನಾನೇ ಹೇಳಿದ್ದು.

ಆಮೇಲೆ ಆ ದೃಶ್ಯ ಬಂತು. ಒಬ್ಬ ಹುಡುಗಿ ಲಾಂಡ್ರಿಯ ಬಾಗಿಲಿಗೆ ಬರುತ್ತಾಳೆ. ಒಳಗೆ ಹಬೆ. ಹಬೆಯಲ್ಲಿ ಅವಳ ಅಕ್ಕ, ಒಬ್ಬಳೇ, ನೀರು ಸುರಿಯುವ ಬೆಡ್‌ಶೀಟು ಹಿಡಿದು ನಿಂತಿದ್ದಾಳೆ. ಹುಡುಗಿ ಕರೆಯದೆ ತಿರುಗಿ ಹೋಗುತ್ತಾಳೆ. ಗುಬ್ಬಿ ಈಗ ಆ ಅಕ್ಕ ಆದಳು. ಕೈಯಲ್ಲಿ ಬಟ್ಟೆ ಇಲ್ಲ, ಬರೀ ಗಾಳಿ. ಆದರೂ ಆ ಭಾರ ನನ್ನ ಕಣ್ಣಿಗೆ ಕಂಡಿತು. ತೋಳು ನಡುಗುತ್ತಿದೆ. ಒಂದು ತುದಿ ಕೈಯಲ್ಲಿದೆ, ಉಳಿದದ್ದು ಜೋತು ಬಿದ್ದಿದೆ. ಹಿಂಡೋಕೆ ನೋಡುತ್ತಾಳೆ, ಆಗುವುದಿಲ್ಲ. ಮತ್ತೆ ಎಳೆದುಕೊಳ್ಳುತ್ತಾಳೆ. ಬಟ್ಟೆ ಇನ್ನೇನು ನೆಲಕ್ಕೆ ಬೀಳಬೇಕು.

ನಾನು ಎದ್ದು ನಿಂತುಬಿಟ್ಟೆ.

ಎದ್ದದ್ದು ನನಗೇ ಗೊತ್ತಿಲ್ಲ. ಗುಬ್ಬಿಯ ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರ ಕೋಲು ನೆಲಕ್ಕೆ ತಾಗಿದ ಸದ್ದು ಕೇಳಿತು. ನನ್ನ ತಂಗಿಯ ಮುಖ ನನ್ನ ಕಣ್ಣೆದುರಿಗೇ ಸಣ್ಣಗಾಯಿತು. ಬಗ್ಗಿ ಚಪ್ಪಲಿಗೆ ಕೈ ಹಾಕಿದಳು.

"ಆಯ್ತಕ್ಕ," ಅಂದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ನಾನು ಹೆದರಿದ್ದೂ ಇದಕ್ಕೇ."

"ಏನಾಯ್ತು? ಚಪ್ಪಲಿ ಯಾಕೆ ಹಾಕ್ಕೋತಿದೀಯ? ಕೊಡು ಇಲ್ಲಿ," ಅಂದೆ ನಾನು. ನನ್ನ ಎರಡೂ ಕೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇದ್ದವು.

"ಏನು ಕೊಡಲಿ?"

"ಆಚೆ ತುದಿ ಕೊಡೇ! ಒಬ್ಬಳೇ ಹೇಗೆ ಹಿಂಡ್ತೀಯ? ನೆಲಕ್ಕೆ ಬಿದ್ದರೆ ಮತ್ತೆ ಒಗೀಬೇಕಲ್ಲ!"

ಅವಳು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ನನ್ನನ್ನು ನೋಡಿದರು. ಆಗ ನನಗೆ ನಿಯಮ ನೆನಪಾಯಿತು. ನಾಲಿಗೆ ಕಚ್ಚಿಕೊಂಡೆ.

"ಅಯ್ಯೋ ಮೇಷ್ಟ್ರೇ, ಇದು ಆ ಏಳೋದಲ್ಲ. ಅಭ್ಯಾಸ. ಕೈ ತಾನಾಗೇ ಹೋಯ್ತು."

"ಅಭ್ಯಾಸವೋ ಏನೋ. ಎದ್ದಿದೀರಲ್ಲ," ಅಂದರು ಮೇಷ್ಟ್ರು. ಮುಖದಲ್ಲಿ ಅದೇ ಹಳೇ ಹಟ. "ಎದ್ದ ಮೇಲೆ ಏನೋ ಸರಿಯಿಲ್ಲ ಅಂತಲೇ ಅರ್ಥ. ಏನು ಸರಿಯಿಲ್ಲ ಹೇಳಿ."

ಯಾರನ್ನೂ ಕಾರಣ ಕೇಳದ ಮನುಷ್ಯ ಅವತ್ತು ಕೇಳಿದರು. ಅಷ್ಟು ಸಾಕಿತ್ತು. ಗುಬ್ಬಿಯ ಕೈ ಹಿಡಿದು ನನ್ನ ಪಕ್ಕ ಕೂರಿಸಿಕೊಂಡೆ.

"ನಾನೊಬ್ಬಳೇ ಇದ್ದೆ ಅಂತ ಯಾರು ಹೇಳಿದ್ದು ನಿನಗೆ?"

"ನಾನೇ ನೋಡಿದೆನಲ್ಲ ಅಕ್ಕ. ಬಾಗಿಲಲ್ಲಿ ನಿಂತು."

"ಬಾಗಿಲಿಂದ ನೋಡಿದರೆ ಈಚೆ ತುದಿ ಮಾತ್ರ ಕಾಣುತ್ತೆ ಕಣೇ ಪೆದ್ದಿ. ಆಚೆ ತುದಿ ಕಂಬದ ಹಿಂದೆ. ಅಲ್ಲಿ ಮೋಟುಜಡೆ ಇದ್ದಳು."

ಮೋಟುಜಡೆ ನನ್ನ ಜೊತೆಯವಳು. ಕೂದಲು ಭುಜ ದಾಟುತ್ತಿರಲಿಲ್ಲ, ಆದರೂ ಹಟ ಹಿಡಿದು ಹೆಣೆಯೋಳು. ಕೆಲಸಕ್ಕೆ ಸೇರಿದ ದಿನದಿಂದ ಅವಳು ಸಾಯುವ ತನಕ ನನ್ನ ಬೆಡ್‌ಶೀಟಿನ ಆಚೆ ತುದಿ ಅವಳದೇ. ಎಂಥ ಬಾಯಿ ಅವಳದು! ಡಾಕ್ಟರಿಂದ ಹಿಡಿದು ಮೇಲ್ವಿಚಾರಕನವರೆಗೆ ಎಲ್ಲರ ಅಣಕು ಮಾಡೋಳು. ನಕ್ಕು ನಕ್ಕು ನನ್ನ ಕೈಯಿಂದ ಬಟ್ಟೆ ಜಾರುತ್ತಿತ್ತು. ಗುಬ್ಬಿಗೆ ಅವಳ ಬಗ್ಗೆ ನಾನು ಹೇಳಿರಲಿಲ್ಲ ಅಂತ ಅವತ್ತೇ ನನಗೂ ಹೊಳೆದದ್ದು. ಮೇಲ್ವಿಚಾರಕನ ಕಥೆ ಹೇಳಿದ್ದೆ, ಯಂತ್ರ ಕೆಟ್ಟದ್ದು ಹೇಳಿದ್ದೆ. ದಿನಾ ಎದುರಿಗಿರುವವರ ಸುದ್ದಿ ಯಾರು ಹೇಳುತ್ತಾರೆ?

"ನೀನು ಬಾಗಿಲಿಗೆ ಬಂದದ್ದನ್ನು ಕಂಬದ ಹಿಂದಿಂದ ಇಣುಕಿ ಮೊದಲು ನೋಡಿದ್ದೂ ಅವಳೇ," ಅಂದೆ. "'ನೋಡೇ, ನಿನ್ನ ಗುಬ್ಬಿ ಹಾರೋಕೆ ನಿಂತಿದೆ. ಬಟ್ಟೆ ನಾನು ಹಿಡ್ಕೋತೀನಿ, ನೀನು ಓಡು' ಅಂದಳು."

ಗುಬ್ಬಿ ತಲೆಯೆತ್ತಿದಳು. "ನೀನು ನನ್ನನ್ನು ನೋಡಿದ್ದೆಯಾ?"

"ನೋಡದೆ ಏನು? ಹಸಿರು ಅಂಗಿ, ಬಟ್ಟೆ ಚೀಲ, ಮೂಗು ಕೆಂಪಗೆ."

"ಮತ್ತೆ ಯಾಕೆ ಬರಲಿಲ್ಲ?"

"ನಾನು ಬಂದಿದ್ದರೆ ನೀನು ಹೋಗ್ತಿದ್ದೆಯಾ?"

ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀನು ವ್ಯಾನು ಹತ್ತೋವರೆಗೂ ನಾವಿಬ್ಬರೂ ಆ ಬೆಡ್‌ಶೀಟು ಹಿಂಡ್ತಾನೇ ಇದ್ದೆವು. ಅದರಲ್ಲಿ ಒಂದು ಹನಿ ನೀರು ಉಳಿದಿರಲಿಲ್ಲ. ಸಾಕು ಬಿಡೇ, ಹರಿದು ಹೋಗುತ್ತೆ ಅಂದಳು ಮೋಟುಜಡೆ."

ಗುಬ್ಬಿ ನನ್ನ ಮಡಿಲಲ್ಲಿ ತಲೆಯಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ಇಣುಕಿ ನೋಡಲಿಲ್ಲ. ನರೆತ ಕೂದಲು, ತೆಳ್ಳಗಾಗಿದೆ. ಬೆರಳಾಡಿಸುತ್ತಾ ಕೂತೆ. "ಇಷ್ಟು ವರ್ಷ ನಿನ್ನನ್ನು ಒಬ್ಬಳೇ ಬಿಟ್ಟು ಹೋದೆ ಅಂದ್ಕೊಂಡಿದ್ದೆ ಅಕ್ಕ," ಅಂದಳು. "ಎಲ್ಲಾ ಪಾತ್ರದಲ್ಲೂ ಅದನ್ನೇ ಇಟ್ಕೊಂಡು ಅತ್ತಿದೀನಿ."

"ಹಾಗಾದರೆ ಆ ಹಿತ್ತಾಳೆ ಪ್ರಶಸ್ತಿಯಲ್ಲಿ ಅರ್ಧ ಮೋಟುಜಡೆಗೂ ಸೇರಬೇಕು," ಅಂದೆ.

ಮೇಷ್ಟ್ರು ಕೋಲು ಕುಟ್ಟಿ, "ಏಳಿ ಇಬ್ಬರೂ," ಅಂದರು. "ಅದನ್ನು ಹಿಂಡಿ ತೋರಿಸಿ."

ಕೋಣೆಯ ಈಚೆ ನಾನು, ಆಚೆ ಗುಬ್ಬಿ, ನಡುವೆ ಇಲ್ಲದ ಬೆಡ್‌ಶೀಟು. ಅವಳು ತಿರುಚಿದಳು, ನಾನೂ ತಿರುಚಿದೆ.

"ಆ ಕಡೆಗಲ್ಲ ಕಣೇ! ನಾನು ಈ ಕಡೆ ತಿರುಚಿದರೆ ನೀನು ಎದುರು ಕಡೆಗೆ ತಿರುಚಬೇಕು. ಇಬ್ಬರೂ ಒಂದೇ ಕಡೆ ಹೋದರೆ ಬಟ್ಟೆ ಬರೀ ಉರುಳುತ್ತೆ, ನೀರು ಇಳಿಯೋದಿಲ್ಲ."

"ಕನ್ನಡಿ ಮುಂದೆ ಒಬ್ಬಳೇ ಕಲಿತದ್ದು ಅಕ್ಕ."

"ಕನ್ನಡಿಯೇನು ಹಿಂಡುತ್ತಾ?"

ಎಲ್ಲ ಸರಿಹೋದ ಮೇಲೆ ಮೇಷ್ಟ್ರು ನನ್ನ ಕಡೆ ನೋಡಿದರು. ಆಟ ಮುಂದುವರಿಯಬಹುದಾ ಅಂತ ಕಣ್ಣಲ್ಲೇ ಕೇಳಿದರು. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಉಳಿದ ಆಟ ಮುಗಿಯುವವರೆಗೆ ಏಳಲಿಲ್ಲ.

ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಆದಾಗ ನಾನು ಯಾವತ್ತಿನ ಹಾಗೆ ಕೊನೇ ಸಾಲಲ್ಲಿ ಕೂತೆ. ಪಕ್ಕದಲ್ಲಿ ಮೇಷ್ಟ್ರು. ಮೋಟುಜಡೆಯ ಪಾತ್ರಕ್ಕೆ ಯಾರನ್ನು ಹಾಕಿದೀರಿ ಅಂತ ನಾನು ಎಷ್ಟು ಕೇಳಿದರೂ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಬಾಗಿಲ ದೃಶ್ಯ ಬಂತು. ಹಬೆಯ ಹಾಗೆ ಬೆಳಕು. ಗುಬ್ಬಿ ಅದೇ ಗಾಳಿಯ ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಂತಳು. ಈ ಸಲ ಒದ್ದಾಡಲಿಲ್ಲ. ಬಟ್ಟೆಯ ಇನ್ನೊಂದು ತುದಿಯನ್ನು ಜನರ ಕಡೆಗೆ ಚಾಚಿ ಸುಮ್ಮನೆ ಕಾದಳು.

ಜನಕ್ಕೆ ಅರ್ಥವಾಗಲಿಲ್ಲ. ಯಾರೋ ಕೆಮ್ಮಿದರು. ಗುಬ್ಬಿಯ ತೋಳು ನಡುಗತೊಡಗಿತು. ಅದು ನಟನೆಯಲ್ಲ, ಅವಳ ತೋಳಿನ ಶಕ್ತಿ ನನಗೆ ಗೊತ್ತು. ನನ್ನ ಕೈ ಕುರ್ಚಿಯ ತೋಳಿಗೆ ಹೋಯಿತು. ಮೇಷ್ಟ್ರು ಮೆಲ್ಲಗೆ ಆ ಕೈಯ ಮೇಲೆ ಕೈಯಿಟ್ಟರು.

"ತಡೀರಿ ಅಕ್ಕಾ."

"ಬಿದ್ದುಹೋಗುತ್ತೆ ಮೇಷ್ಟ್ರೇ."

"ಇನ್ನೊಂದು ಗಳಿಗೆ."

ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ಕೈಚೀಲವನ್ನು ಪಕ್ಕದವರ ಮಡಿಲಿಗೆ ಹಾಕಿ ಎದ್ದಳು. ಯಾರೋ ಏನೋ, ಆಫೀಸು ಮುಗಿಸಿ ಬಂದವಳ ಹಾಗಿದ್ದಳು. ದಾರಿಯಲ್ಲಿದ್ದವರ ಮಂಡಿ ದಾಟಿಕೊಂಡು ಹೋಗಿ, ಮೆಟ್ಟಿಲು ಹತ್ತಿ, ನಾಚಿಕೊಂಡು ಎರಡೂ ಕೈ ಚಾಚಿದಳು. ಗುಬ್ಬಿ ತುದಿ ಕೊಟ್ಟಳು. ಆಕೆ ತಿರುಚಿದಳು.

"ಆ ಕಡೆಗಲ್ಲ ಕಣಮ್ಮ, ಎದುರು ಕಡೆಗೆ," ಅಂದಳು ನನ್ನ ತಂಗಿ, ನನ್ನದೇ ದನಿಯಲ್ಲಿ.

ಸಭೆಯೆಲ್ಲ ನಕ್ಕಿತು. ನನ್ನ ಮುಂದಿನ ಸಾಲಲ್ಲಿ ಗಂಡಸೊಬ್ಬ, ಯಾವ ಕಡೆಗೆ ಇರಬಹುದು ಅಂತ ತನ್ನ ಮಡಿಲಲ್ಲೇ ಕೈ ತಿರುಚಿ ನೋಡಿಕೊಳ್ಳುತ್ತಿದ್ದ.

ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಗುಬ್ಬಿ ಮುಖ ಒರೆಸಿಕೊಳ್ಳುತ್ತಾ ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಕೊನೇ ಸಾಲಿಂದ ನೀನೇ ಎದ್ದು ಬರ್ತೀಯ ಅಂದ್ಕೊಂಡಿದ್ದೆ ಅಕ್ಕ."

"ಬರ್ತಿದ್ದೆ. ಮಂಡಿ ಬಿಡಲಿಲ್ಲ," ಅಂದೆ.

ಅವಳು ತಿರುಗಿ, ಒದ್ದೆ ಟವೆಲಿನ ಒಂದು ತುದಿಯನ್ನು ನನ್ನ ಕಡೆಗೆ ಚಾಚಿದಳು.