ಎರಡು ತಲೆಗೆ ಒಂದೇ ಶಾಲೆ

ಅವಳಿಗಳಿಗೆ ಒಂಬತ್ತು ತುಂಬಿದಾಗ ಆಸ್ಪತ್ರೆಯ ಸಂಶೋಧಕರು ಇಬ್ಬರ ಮಿದುಳಿನ ಚಿತ್ರ ತೆಗೆದು, "ವಂಶವಾಹಿ ಒಂದೇ, ಒಳಗಿನ ತಂತಿಗಳೂ ಹೆಚ್ಚುಕಮ್ಮಿ ಒಂದೇ," ಎಂದಿದ್ದರು. ಅಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಒಂದೇ ತಲೆಗೆ ಒಂದೇ ಪಾಠ ಎರಡು ಸಲ ಯಾಕೆ? ದೊಡ್ಡವಳು ಶಾಲೆಯಲ್ಲಿ ಉಳಿದಳು. ಚಿಕ್ಕವಳು ಅಮ್ಮನ ಪಕ್ಕ ಕೂತು, ಗುತ್ತಿಗೆದಾರ ತಂದು ಸುರಿಯುವ ಅಂಗಿಗಳಿಗೆ ಗುಂಡಿ ಹೊಲಿಯತೊಡಗಿದಳು. ವಿಜ್ಞಾನದ ಮಾತಾದ್ದರಿಂದ ಅಮ್ಮ ಸರಿದು ಜಾಗ ಮಾಡಿಕೊಟ್ಟಳು.

ಹದಿಮೂರಕ್ಕೆ ಆಸ್ಪತ್ರೆಯಿಂದ ಮತ್ತೆ ಕರೆ ಬಂತು. ಲೋಹದ್ದೇನಿದ್ದರೂ ಹೊರಗಿಡಿ ಎಂದಾಗ ದೊಡ್ಡವಳು ಜೇಬಿನಿಂದ ಕೈವಾರ ತೆಗೆದಳು, ಚಿಕ್ಕವಳು ಕಾಲರಿನಿಂದ ಸೂಜಿ. ಈ ಸಲವೂ ಒಂದೇ ಅಂತ ಬಂದರೆ ನನಗೂ ಶಾಲೆ ಕೇಳುತ್ತೇನೆ ಎಂದು ಅವಳು ಲೆಕ್ಕ ಹಾಕಿದ್ದಳು.

ಆ ದಿನ ತೆಗೆದ ಮೊದಲ ಚಿತ್ರಗಳನ್ನು ಡಾಕ್ಟರು ಪರದೆಯ ಮೇಲೆ ತೋರಿಸಿದರು. "ಚಿಕ್ಕಂದಿನಲ್ಲಿ ತಂತಿಗಳು ಬೇಕಾಬಿಟ್ಟಿ ಹಬ್ಬಿರ್ತವೆ. ಹರೆಯದಲ್ಲಿ ಬಳಸಿದ್ದು ದಪ್ಪ ಆಗುತ್ತೆ, ಬಳಸದ್ದು ಉದುರುತ್ತೆ. ನೋಡಿ, ಇವಳಿಗೆ ಓದಿನ ದಾರಿ ದಪ್ಪ, ಇವಳಿಗೆ ಬೆರಳಿನ ದಾರಿ."

ಅಪ್ಪನ ಮುಖ ಅರಳಿತು. "ನಾನು ಹೇಳ್ಲಿಲ್ವಾ? ಹುಟ್ಟಾ ದರ್ಜಿ ಇವಳು!"

"ಹುಟ್ಟಾ ಹೆಂಗಪ್ಪ?" ಚಿಕ್ಕವಳು ಕೇಳಿದಳು. "ಹುಟ್ಟಿದ್ದು ಒಂದೇ ಥರ. ಸೂಜಿ ಕೊಟ್ಟಿದ್ದು ನೀನು."

"ಒಳ್ಳೆ ಪ್ರಶ್ನೆ!" ಡಾಕ್ಟರು ಖುಷಿಯಾದರು. "ಅದಕ್ಕೇ ನೀವಿಬ್ಬರೂ ನಮಗೆ ಬಂಗಾರ. ಒಂದೇ ವಂಶವಾಹಿ, ಬೇರೆ ಬೇರೆ ಬದುಕು. ಏನೂ ಬದಲಾಯಿಸಬೇಡಿ. ಹೀಗೇ ಇರಿ. ಮೂರು ವರ್ಷಕ್ಕೆ ಮತ್ತೆ ನೋಡೋಣ."

ಇಬ್ಬರದೂ ಕೊನೆಯ ಚಿತ್ರ ಬಾಕಿಯಿತ್ತು; ಅದಿಲ್ಲದಿದ್ದರೆ ಮೊದಲಿನವೂ ಲೆಕ್ಕಕ್ಕಿಲ್ಲ. ಚಿಕ್ಕವಳು ಕೊಳವೆಯೊಳಗೆ ಮಲಗಿದಳು. ಯಂತ್ರ ಬಡಿಯತೊಡಗಿತು. ಅವಳು ತಲೆ ಅಲ್ಲಾಡಿಸಿದಳು, ಆ ಕಡೆ, ಈ ಕಡೆ.

"ಯಾಕಮ್ಮ ಅಲ್ಲಾಡ್ತೀಯ?" ಯಂತ್ರ ನಡೆಸುವವನು ಮೈಕಿನಲ್ಲಿ ಕೇಳಿದ.

"ಬೇಡ ಅಂತಿದೀನಿ."

"ಏನು ಬೇಡ?"

"ಹೀಗೇ ಇರೋದು."

ಅಪ್ಪ ಹಲ್ಲು ಕಡಿದ. ಡಾಕ್ಟರು ಬೆನ್ನು ತಟ್ಟಿದರು, ಬಿಸ್ಕತ್ತು ಕೊಟ್ಟರು. ಅವಳು ಬಿಸ್ಕತ್ತು ತಿಂದಳು, ಮತ್ತೆ ಮಲಗಿದಳು, ಮತ್ತೆ ಅಲ್ಲಾಡಿಸಿದಳು. ಇರಲಿ ಎಂದು ದೊಡ್ಡವಳನ್ನು ಮಲಗಿಸಿದರು. ಬಾಗಿಲ ಸಂದಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅವಳೂ, ಆ ಕಡೆ, ಈ ಕಡೆ.

ಯಂತ್ರದವನು ಎರಡು ಮಸುಕು ಚಿತ್ರಗಳನ್ನು ಅಕ್ಕಪಕ್ಕ ಇಟ್ಟ. "ಈಗ ನೋಡಿ ಸಾರ್, ಚೂರೂ ವ್ಯತ್ಯಾಸ ಇಲ್ಲ."

ಒಂದೇ ತಲೆಯ ಚಿತ್ರದಿಂದ ಅವಳಿಗಳ ಅಧ್ಯಯನ ಆಗುವುದಿಲ್ಲ. ಇಲ್ಲಂತೂ ಸರಿಯಾಗಿ ಬಂದದ್ದು ಒಂದೂ ಇರಲಿಲ್ಲ. ಡಾಕ್ಟರು ತಮ್ಮ ತಲೆ ಕೆರೆದುಕೊಂಡು ಅಪ್ಪನ ಕಡೆ ತಿರುಗಿದರು.

"ದೊಡ್ಡವಳ ಶಾಲೆಯವರು ಚಿಕ್ಕವಳನ್ನೂ ಈಗ ಸೇರಿಸ್ಕೋತಾರೇನ್ರಿ?"