ಕೋಟಿನ ಒಳಮೈ

ನಮ್ಮ ಹೊಲಿಗೆ ಅಂಗಡಿಯಲ್ಲಿ ನನ್ನ ಸೋದರತ್ತೆಯನ್ನು ಎಲ್ಲರೂ ಸೂಜಿ ಅತ್ತೆ ಎಂದೇ ಕರೆಯುತ್ತಿದ್ದರು. ಕೈಯಲ್ಲಿದ್ದ ಸೂಜಿಯಿಂದ ಆ ಹೆಸರು ಬಂತೋ ನಾಲಿಗೆಯ ಮೇಲಿದ್ದ ಸೂಜಿಯಿಂದ ಬಂತೋ ಎಂದು ವಿಚಾರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನ ಕೋಣೆಯ ಕಿಟಕಿಯ ಬಳಿ ಕುಳಿತು ಅವರು ಕೋಟುಗಳ ಒಳಮೈಗೆ ಲೈನಿಂಗ್ ಕೂಡಿಸುತ್ತಿದ್ದರು, ಅಂಚು ಮಡಿಸಿ ಕೈಹೊಲಿಗೆ ಹಾಕುತ್ತಿದ್ದರು. ಆ ಹೊಲಿಗೆ ಹೊರಗೆ ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ. ಹಾಗಾಗಿ ಗಿರಾಕಿಗಳು ಕನ್ನಡಿಯ ಮುಂದೆ ತಿರುತಿರುಗಿ ನೋಡಿಕೊಂಡು, ಕಟಿಂಗ್ ಮಾಸ್ಟರರನ್ನು ಹೊಗಳಿ ಹೋಗುತ್ತಿದ್ದರು. ಮಾಸ್ಟರ್ ಮೀಸೆಯಡಿ ನಗುತ್ತಿದ್ದರು.

ಕಣ್ಣು ಮಂಜಾಗುತ್ತಿದೆ ಎಂದು ಅತ್ತೆ ಕೆಲಸ ಬಿಡಲು ನಿರ್ಧರಿಸಿದರು. ಕೊನೆಯ ದಿನ ಎಲ್ಲರೂ ಸೇರಿ ಅವರಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಮಾಸ್ಟರ್ ಅಂದರು. ಆ ಹೊರೆ ನನ್ನ ತಲೆಗೆ ಬಂತು. ನಾನು ಅಳತೆ ತೆಗೆಯುವವನು, ಜನರೊಡನೆ ಮಾತನಾಡಿ ಅಭ್ಯಾಸವಿದೆಯಂತೆ. ಸೊಂಟದ ಸುತ್ತಳತೆ ಹೇಳುವುದಕ್ಕೂ ಭಾಷಣಕ್ಕೂ ಅಜಗಜಾಂತರ ಎಂದು ಗೋಗರೆದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, “ದುಡಿಮೆಯೇ ಇವರ ಉಸಿರು, ಇವರೇ ನಮ್ಮ ಅಂಗಡಿಯ ಬೆಳಕು” ಎಂದು ಉರು ಹೊಡೆಯುತ್ತಿದ್ದೆ. ಪರದೆಯ ಹಿಂದೆ ಅತ್ತೆ ನಿಂತಿದ್ದರು.

“ಇದನ್ನ ಆ ಟ್ಯೂಬ್‌ಲೈಟಿಗೂ ಹೇಳಬಹುದಲ್ಲೋ” ಎಂದು ನಕ್ಕರು. ಆಮೇಲೆ ದನಿ ತಗ್ಗಿತು. “ಇಷ್ಟು ವರ್ಷ ಇಲ್ಲಿ ಕೂತು ನಾನೇನು ಮಾಡ್ದೆ ಅಂತ ಒಬ್ಬರಿಗಾದ್ರೂ ಗೊತ್ತಾ? ಗೊತ್ತಿಲ್ಲದಿದ್ರೆ ಸುಮ್ನೆ ಕಳಿಸಿಬಿಡಿ.”

ಕಲಿತ ಮಾತೆಲ್ಲ ಅಲ್ಲೇ ಉದುರಿಹೋಯಿತು. ಹೊಸದೊಂದು ಹೊಳೆಯಲಿಲ್ಲ. ಹೊತ್ತಾಯಿತೆಂದು ಮಾಸ್ಟರ್ ಕೂಗಿದಾಗ, ಇಸ್ತ್ರಿ ಮೇಜಿನ ಪಕ್ಕದ ಗೂಟದಿಂದ ನನ್ನ ಕಪ್ಪು ಕೋಟನ್ನು ಎಳೆದು ತೋಳು ತೂರಿಸುತ್ತಲೇ ಓಡಿದೆ. ಮೇಲ್ಮೈಗೆ ಇಸ್ತ್ರಿ ತಾಗಿದರೆ ಕಪ್ಪು ಬಟ್ಟೆ ಹೊಳಪು ಹೊಡೆಯುತ್ತದೆ. ಅದಕ್ಕೇ ನಮ್ಮಲ್ಲಿ ಒಳಮೈ ಹೊರಗೆ ಮಾಡಿ ಇಸ್ತ್ರಿ ಹಾಕಿ, ಆರಲೆಂದು ಹಾಗೆಯೇ ತೂಗುಹಾಕುತ್ತಾರೆ. ಗಾಬರಿಯಲ್ಲಿ ಅದು ನೆನಪಾಗಲಿಲ್ಲ.

ಹೊಲಿಗೆ ಯಂತ್ರಗಳು ನಿಂತವು. ಎಲ್ಲರೂ ನನ್ನನ್ನೇ ನೋಡಿದರು. ಗುಂಡಿ ಹಚ್ಚುವ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಬಗ್ಗಿ ನೋಡಿದರೆ ನನ್ನ ಮೈಮೇಲೆ ಕೆಂಪು ಲೈನಿಂಗ್ ಮಿರಮಿರ ಮಿಂಚುತ್ತಿತ್ತು. ನಾಚಿ, ಬಿಚ್ಚಲು ಕೈ ಮೇಲೆತ್ತಿದೆ. ಆಗ ಕಂಕುಳಿನ ಬಳಿ ಒಂದು ಪುಟ್ಟ ನೆರಿಗೆ ಬಿಚ್ಚಿಕೊಂಡದ್ದು ಕಂಡಿತು. ಕೈ ಇಳಿಸಿದೆ, ನೆರಿಗೆ ಮಡಚಿಕೊಂಡಿತು. ಮತ್ತೆ ಎತ್ತಿದೆ.

“ಅತ್ತೆ,” ಎಂದೆ, “ದಿನವಿಡೀ ಹೀಗೆ ಕೈ ಎತ್ತಿ ಅಳತೆ ಹಿಡೀತೀನಿ. ಒಂದು ದಿನಾನೂ ಈ ಕೋಟು ಕಂಕುಳಲ್ಲಿ ಬಿಗಿದಿಲ್ಲ. ಕೋಟು ಅಂದ್ರೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ. ನನ್ನ ಕೆಲಸ ನೋಡಿ ನೀವು ಇಲ್ಲಿ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೀರಿ.”

ಮಾಸ್ಟರ್ ಕನ್ನಡಕ ಏರಿಸಿಕೊಂಡು ಬಂದು, ಹೊಲಿಗೆಯ ಗುಂಟ ಬೆರಳು ಓಡಿಸಿದರು.

“ನಾನು ಕತ್ತರಿಸಿದ್ದು ಬರೀ ಬಟ್ಟೆ. ಅದನ್ನ ಕೋಟು ಮಾಡಿದ್ದು ನೀವಮ್ಮ” ಎಂದವರೇ ತಮ್ಮ ಕೋಟನ್ನೂ ಬಿಚ್ಚಿ, ಒಳಮೈ ಹೊರಗೆ ಮಾಡಿ ತೊಟ್ಟುಕೊಂಡರು. ಇಸ್ತ್ರಿಯವರು ತಮ್ಮ ಜಾಕೀಟು ತಿರುವಿದರು. ಇನ್ನೊಬ್ಬರು, ತೂಗುಹಾಕಿದ್ದ ಹೊಸ ಕೋಟುಗಳನ್ನೆಲ್ಲ ಮಗುಚತೊಡಗಿದರು. ನೋಡುನೋಡುತ್ತಿದ್ದಂತೆ ಅಂಗಡಿಯ ತುಂಬ ಕೆಂಪು, ನೀಲಿ, ಬೂದು ಒಳಮೈಗಳು. ಒಳಗೆ ಕಾಲಿಟ್ಟ ಗಿರಾಕಿಯೊಬ್ಬರು ಬಂದದ್ದು ಸರಿಯಾದ ಕಡೆಗೇನಾ ಎಂದು ಹೊರಗೆ ಹೋಗಿ ಬೋರ್ಡು ನೋಡಿ ಬಂದರು.

ಅತ್ತೆ ಕಣ್ಣೊರೆಸಿಕೊಂಡು ಒಬ್ಬೊಬ್ಬರನ್ನೇ ಸುತ್ತಿ ನೋಡುತ್ತ ಬಂದರು. ನನ್ನ ಬಳಿ ನಿಂತು ಅಂಚನ್ನು ಸವರಿದರು.

“ಒಂದು ಎಳೆ ಬಿಟ್ಟಿದೆ. ಬಿಚ್ಚಿ ಕೊಡು.”

ಇವತ್ತೊಂದು ದಿನ ಬಿಡಿ ಎಂದರೆ ಕೇಳುವವರಲ್ಲ. ಕಿಟಕಿಯ ಬಳಿ ಹೋಗಿ ಕುಳಿತರು. ಮಾಸ್ಟರ್ ತಾವೇ ಸೂಜಿಗೆ ದಾರ ಪೋಣಿಸಿ ಕೊಟ್ಟರು. ನಾವೆಲ್ಲ ಸುತ್ತ ನಿಂತು, ಆ ಬೆರಳುಗಳು ಬಟ್ಟೆಯೊಳಗೆ ಮುಳುಗಿ ಏಳುವುದನ್ನು ನೋಡಿದೆವು.

“ಇದೇನು ಸರ್ಕಸ್ಸಾ? ಬೆಳಕಿಗೆ ಅಡ್ಡ ನಿಲ್ಲಬೇಡಿ” ಎಂದು ಅತ್ತೆ ಗದರಿದರು. ಮುಖ ಮಾತ್ರ ಅರಳಿತ್ತು.

ಬೆಳಕು ಬಿಟ್ಟು ಸರಿದೆವು. ಯಾರೂ ಅಲ್ಲಿಂದ ಹೋಗಲಿಲ್ಲ.